ಗಾಜಿಗೆ ನೀರು ಚಿಮ್ಮದಿದ್ದಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ಬಳ್ಳಾರಿಯಿಂದ ಸಂಡೂರಿಗೆ ಕಾರಿನಲ್ಲಿ ಓಡಾಡುವವರಿಗೆ ಇದು ಗೊತ್ತಿರುವ ಮಾತು. ಕುಡುತಿನಿ ದಾಟುವ ಹೊತ್ತಿಗೆ ಮುಂದಿನ ಗಾಜು ಮಸುಕಾಗಿರುತ್ತದೆ. ತೋರಣಗಲ್ಲಿನಲ್ಲಿ ಸಂಡೂರಿನ ಕಡೆ ತಿರುಗಿದ ಮೇಲೆ ಆ ಮಸುಕಿಗೆ ಕೆಂಪು ಬಣ್ಣ ಬರುತ್ತದೆ. ಅದಿರಿನ ಲಾರಿಗಳು ಓಡಾಡುವ ದಾರಿ ಅದು. ನಾನು ಒಂಬತ್ತು ವರ್ಷ ಆ ದಾರಿಯಲ್ಲಿ ಕೆಲಸಕ್ಕೆ ಹೋಗಿ ಬಂದವಳು. ಕಾರಿನ ಗಾಜಿಗೆ ನೀರು ಚಿಮ್ಮಿಸುವ ಆ ಎರಡು ಸಣ್ಣ ತೂತುಗಳ ಬಗ್ಗೆ ಇಷ್ಟು ಹೊತ್ತು ಮಾತಾಡಲು ಏನಿದೆ ಎಂದು ನಿಮಗೆ ಅನ್ನಿಸಬಹುದು. ನನಗೂ ಒಂದು ಜುಲೈ ತಿಂಗಳವರೆಗೆ ಹಾಗೇ ಅನ್ನಿಸಿತ್ತು.

ಅವತ್ತು ಅವ್ವನನ್ನು ಕೂರಿಸಿಕೊಂಡು ಚಿಕ್ಕವ್ವನ ಮನೆಗೆ ಹೊರಟಿದ್ದೆ. ಜಿಟಿಜಿಟಿ ಹನಿಯುತ್ತಿತ್ತು. ಗಾಜನ್ನು ತೊಳೆಯುವಷ್ಟು ದೊಡ್ಡ ಮಳೆಯಲ್ಲ, ರಸ್ತೆಯ ಧೂಳನ್ನು ಕೆಸರು ಮಾಡುವಷ್ಟು ಮಾತ್ರ. ಎದುರಿಗೆ ಬಂದ ಲಾರಿಯ ಚಕ್ರದಿಂದ ಆ ಕೆಸರು ಸೀದಾ ನಮ್ಮ ಗಾಜಿಗೆ ಬಡಿಯಿತು. ಸ್ಟೇರಿಂಗಿನ ಪಕ್ಕದ ಕಡ್ಡಿ ಎಳೆದೆ. ಮೋಟಾರು ಗುಂಯ್ ಅಂದಿತು, ನೀರು ಬರಲಿಲ್ಲ. ವೈಪರು ಮಾತ್ರ ಎರಡು ಸಲ ಆಡಿ, ಇದ್ದ ಕೆಸರನ್ನೆಲ್ಲ ಗಾಜಿನ ತುಂಬ ಬಳಿದು ಬಿಟ್ಟಿತು. ಮುಂದೆ ಕೆಂಪು ಪರದೆ. "ನಿಂದ್ರಸವ್ವಾ ಗಾಡಿ, ನಿಂದ್ರಸು" ಎಂದು ಅವ್ವ ನನ್ನ ಕೈ ಹಿಡಿದರು. ಪಕ್ಕದ ಕಿಟಕಿಯಿಂದ ರಸ್ತೆಯ ಅಂಚು ನೋಡಿಕೊಂಡು ಗಾಡಿ ಪಕ್ಕಕ್ಕೆ ತಂದೆ. ಕುಡಿಯುವ ನೀರಿನ ಬಾಟಲಿ ಖಾಲಿ ಮಾಡಿ ಗಾಜು ತೊಳೆದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಮೂರು ಸೆಕೆಂಡಿನಲ್ಲಿ 50 ಮೀಟರ್ ಮುಂದೆ ಹೋಗಿರುತ್ತದೆ. ಅಷ್ಟು ದೂರ ನಾನು ಏನೂ ಕಾಣದೆ ಗಾಡಿ ಓಡಿಸಿದ್ದೆ. ಅದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಮರುದಿನ ಒಂದು ಗ್ಯಾರೇಜಿಗೆ ಒಯ್ದೆ. ಬಾನೆಟ್ಟು ಸರಿಯಾಗಿ ಎತ್ತಿಯೂ ನೋಡದೆ, ಮೋಟಾರು ಹೋಗಿದೆ, ಹೊಸದು ಹಾಕಬೇಕು ಎಂದರು. ಮೋಟಾರಿನ ಶಬ್ದ ನನ್ನ ಕಿವಿಗೇ ಕೇಳಿಸಿತ್ತು, ಹಾಗಾಗಿ ಮನಸ್ಸು ಒಪ್ಪಲಿಲ್ಲ. ನಮ್ಮ ಪಕ್ಕದ ಮನೆಯಲ್ಲಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದ ಕಾಕಾ ಇದ್ದಾರೆ. ಅವರಿಗೆ ತೋರಿಸಿ, "ಅದಿರಿನ ಧೂಳು ಹೊಕ್ಕು ತೂತು ಕಟ್ಟಿರಬೇಕು ಕಾಕಾ" ಎಂದೆ. ಅವರು ಬಗ್ಗಿ ನೋಡಿ, "ಬಣ್ಣ ನೋಡವ್ವಾ" ಅಂದರು. "ಧೂಳಾಗಿದ್ರ ಕೆಂಪಗಿರಬೇಕಿತ್ತು. ಇದು ಬೆಳ್ಳಗದ. ಯಾವ ನೀರು ಹಾಕ್ತಿ?"

ನಾನು ಹಾಕುತ್ತಿದ್ದುದು ಬೋರಿನ ನೀರು.

ಇವತ್ತು ನಾನು ಹೇಳಬೇಕೆಂದಿರುವುದೂ ಇದನ್ನೇ. ನಮ್ಮ ಕಡೆ ಈ ತೂತು ಕಟ್ಟಿದರೆ ಎಲ್ಲರೂ ಧೂಳನ್ನು ಬೈಯುತ್ತೇವೆ. ಹೊರಗಿನ ಧೂಳು ತೂತಿನ ಬಾಯಿಗೆ ಮೆತ್ತಿಕೊಳ್ಳುವುದು ನಿಜ. ಆದರೆ ಅದನ್ನು ಕಲ್ಲಿನ ಹಾಗೆ ಗಟ್ಟಿ ಮಾಡುವುದು ನಾವೇ ಕೈಯಾರೆ ತುಂಬಿಸುವ ಸವಳು ನೀರು. ಬೋರಿನ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತವೆ. ನೀರು ಕಾಯಿಸುವ ರಾಡಿಗೆ ಸುಣ್ಣದಂತೆ ಹತ್ತುವ ಹರಳು ಅದೇ. ಕಡ್ಡಿ ಎಳೆದು ಬಿಟ್ಟ ಮೇಲೆ ತೂತಿನ ತುದಿಯಲ್ಲಿ ಒಂದು ಹನಿ ಉಳಿಯುತ್ತದೆ. ನಮ್ಮೂರಿನ ಬಿಸಿಲಿಗೆ ಬಾನೆಟ್ಟು ಮುಟ್ಟಿದರೆ ಕೈ ಸುಡುತ್ತದೆ. ಅಲ್ಲಿ ಆ ಹನಿ ನಿಮಿಷದಲ್ಲಿ ಆರಿ, ಸುಣ್ಣ ಅಲ್ಲೇ ನಿಲ್ಲುತ್ತದೆ. ಮರುದಿನ ಇನ್ನೊಂದು ಹನಿ. ತೂತು ಇರುವುದೇ ಸುಮಾರು ಒಂದು ಮಿಲಿಮೀಟರ್, ಮುಚ್ಚಿಕೊಳ್ಳಲು ಎಷ್ಟು ದಿನ ಬೇಕು?

ಈಗ ಬಿಡಿಸುವ ಕೆಲಸಕ್ಕೆ ಬರೋಣ. ಎಂಜಿನ್ ಆರಿಸಿ, ಗಾಡಿ ತಣ್ಣಗಾದ ಮೇಲೆ ಬಾನೆಟ್ಟು ಎತ್ತಿ. ಗಾಜು ತೊಳೆಯುವ ನೀರಿನ ಡಬ್ಬಿಯ ಮುಚ್ಚಳದ ಮೇಲೆ, ಗಾಜಿಗೆ ನೀರು ಚಿಮ್ಮುವ ಚಿತ್ರವಿರುತ್ತದೆ. ಆ ಚಿತ್ರ ಕಂಡ ಮೇಲೆಯೇ ಮುಚ್ಚಳಕ್ಕೆ ಕೈ ಹಾಕಿ. ಹತ್ತಿರದಲ್ಲೇ ಎಂಜಿನ್ ತಂಪು ಮಾಡುವ ನೀರಿನ ಡಬ್ಬಿಯೂ ಇರಬಹುದು. ಗಾಡಿ ಬಿಸಿಯಿದ್ದಾಗ ಅದನ್ನು ತೆರೆದರೆ ಕುದಿನೀರು ಮುಖಕ್ಕೆ ಹಾರುತ್ತದೆ.

ಮೊದಲು ಡಬ್ಬಿಯಲ್ಲಿ ನೀರಿದೆಯೇ ನೋಡಿ. ನೀರಿಲ್ಲದೆ ಕಡ್ಡಿ ಎಳೆಯುತ್ತಲೇ ಇದ್ದರೆ ಮೋಟಾರು ಒಣಗಿ ಓಡಿ ಸುಟ್ಟುಹೋಗುತ್ತದೆ. ನೀರಿದ್ದರೆ, ಎಂಜಿನ್ ಚಾಲೂ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿ ಕಡ್ಡಿ ಎಳೆದು ಕಿವಿಗೊಡಿ. ಶಬ್ದವೇ ಇಲ್ಲವೆಂದರೆ ಫ್ಯೂಸು, ವೈರು ಅಥವಾ ಮೋಟಾರು. ಅದನ್ನು ಬಲ್ಲವರಿಗೆ ತೋರಿಸಿ. ಶಬ್ದವಿದ್ದು ನೀರಿಲ್ಲವೆಂದರೆ ದೋಷ ಪೈಪಿನಲ್ಲಿ ಅಥವಾ ತೂತಿನಲ್ಲಿ. ಎರಡರಲ್ಲಿ ಯಾವುದೆಂದು ತಿಳಿಯಲು ಕಾಕಾ ತೋರಿಸಿದ ದಾರಿ ಬಹಳ ಸುಲಭ. ಬಾನೆಟ್ಟಿನ ಒಳಮೈಯಲ್ಲಿ ಚಿಮ್ಮುಗೊಳವೆಯ ಬುಡಕ್ಕೆ ಒಂದು ಸಣ್ಣ ರಬ್ಬರು ಪೈಪು ಸಿಕ್ಕಿಸಿರುತ್ತದೆ. ಅದನ್ನು ಮೆಲ್ಲಗೆ ಬಿಡಿಸಿ, ಇನ್ನೊಬ್ಬರಿಗೆ ಕಡ್ಡಿ ಎಳೆಯಲು ಹೇಳಿ. ಪೈಪಿನ ಬಾಯಿಂದ ನೀರು ಜೋರಾಗಿ ಬಂದರೆ ಕಟ್ಟಿರುವುದು ತೂತೇ. ಬರದಿದ್ದರೆ ಪೈಪು ಎಲ್ಲೋ ಮಡಚಿದೆ, ಕಳಚಿದೆ, ಇಲ್ಲವೇ ಡಬ್ಬಿಯ ತಳದಲ್ಲಿ ಪಾಚಿ ಕೂತಿದೆ. ಒಂದು ಎಚ್ಚರಿಕೆ: ಬಿಸಿಲು ಕುಡಿದ ಹಳೆಯ ರಬ್ಬರು ಹಪ್ಪಳದ ಹಾಗೆ ಮುರಿಯುತ್ತದೆ. ಬಿಗಿಯಾಗಿದ್ದರೆ ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಸುತ್ತಿಡಿ, ಮೆತ್ತಗಾಗುತ್ತದೆ.

ನಮ್ಮ ಗಾಡಿಯಲ್ಲಿ ನೀರು ಪೈಪಿನಿಂದ ಕಾರಂಜಿಯಂತೆ ಎದ್ದಿತು. ಮೋಟಾರಿಗೆ ಏನೂ ಆಗಿರಲಿಲ್ಲ.

ಅಡುಗೆಮನೆಯಿಂದ ವಿನೆಗರ್ ತಂದೆ. ಕಿರಾಣಿ ಅಂಗಡಿಯಲ್ಲಿ ಸಿಗುವ, ಗೋಬಿ ಮಂಚೂರಿಗೆ ಹಾಕುವ ಬಿಳಿ ವಿನೆಗರ್. ಹತ್ತಿಯಲ್ಲಿ ಅದ್ದಿ ತೂತಿನ ಮೇಲೆ ಇಟ್ಟಾಗ ಬಿಳಿ ಹರಳಿನ ಸುತ್ತ ಸಣ್ಣ ಸಣ್ಣ ಗುಳ್ಳೆ ಎದ್ದವು. ಸುಣ್ಣ ಹುಳಿಗೆ ಕರಗುವಾಗ ಹಾಗೆ ಗುಳ್ಳೆ ಏಳುತ್ತದೆ. ಅದಿರಿನ ಧೂಳಾಗಿದ್ದರೆ ಏಳುತ್ತಿರಲಿಲ್ಲ. ಕಾಕಾನ ಮಾತು ಕಣ್ಣೆದುರೇ ನಿಜವಾಯಿತು. ಅರ್ಧ ಗಂಟೆ ಬಿಟ್ಟು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಎಲ್ಲಕ್ಕಿಂತ ಸಣ್ಣ ಹೊಲಿಗೆ ಸೂಜಿಯನ್ನು ತೂತಿಗೆ ಇಳಿಸಿದೆ. ಇಲ್ಲಿ ಕೈಗೆ ತಾಳ್ಮೆ ಬೇಕು. ಒತ್ತಿ ತಿರುಗಿಸಿದರೆ ತೂತು ದೊಡ್ಡದಾಗಿ, ಆಮೇಲೆ ನೀರು ಚಿಮ್ಮುವ ಬದಲು ಸೋರುತ್ತದೆ. ಸೂಜಿಯ ತುದಿ ಒಳಗೇ ಮುರಿದರಂತೂ ಹೊಸ ಗೊಳವೆಯೇ ಗತಿ. ವಿದ್ಯುತ್ ವೈರಿನ ಒಂದೇ ಒಂದು ತಾಮ್ರದ ಎಳೆ ಇನ್ನೂ ಒಳ್ಳೆಯದು. ಅದು ಬಾಗುತ್ತದೆ, ತೂತನ್ನು ಕೆಡಿಸುವುದಿಲ್ಲ.

ಕೊನೆಗೆ, ಪೈಪು ಬಿಡಿಸಿಯೇ ಇರುವಾಗ, ಹೊರಗಿನ ಬಾಯಿಂದ ಒಳಗಡೆಗೆ ಸೈಕಲ್ ಪಂಪಿನಿಂದ ಗಾಳಿ ಹೊಡೆಯಿರಿ. ಕಸ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ಕೆಳಗೆ ಬೀಳುತ್ತದೆ. ಒಳಗಿನಿಂದ ಹೊರಗೆ ಊದಿದರೆ ಅದೇ ಕಸ ಮತ್ತೆ ಕಿರಿದಾದ ಬಾಯಿಗೆ ಬಂದು ಸಿಕ್ಕಿಕೊಳ್ಳುತ್ತದೆ. ವಿನೆಗರ್ ಬಿದ್ದ ಬಣ್ಣವನ್ನು ಒಳ್ಳೆಯ ನೀರಿನಿಂದ ತೊಳೆಯಲು ಮರೆಯಬೇಡಿ.

ಈಚಿನ ಹಲವು ಕಾರುಗಳಲ್ಲಿ ನೀರು ಎಳೆಯಾಗಿ ಬರುವುದಿಲ್ಲ, ಬೀಸಣಿಗೆಯಂತೆ ಹರಡಿಕೊಂಡು ಬರುತ್ತದೆ. ಆ ಗೊಳವೆಯ ಒಳಗೆ ನೀರನ್ನು ಆಡಿಸುವ ಸೂಕ್ಷ್ಮ ಕಾಲುವೆಗಳಿರುತ್ತವೆ. ಅದಕ್ಕೆ ದಯವಿಟ್ಟು ಸೂಜಿ ಹಾಕಬೇಡಿ. ಬಿಚ್ಚಲು ಬಂದರೆ ಬಿಚ್ಚಿ ವಿನೆಗರಿನಲ್ಲಿ ನೆನೆಸಿ, ಗಾಳಿ ಹೊಡೆದರೆ ಸಾಕು.

ಇನ್ನು, ಯಾವ ನೀರು ಹಾಕಬೇಕು? ನಲ್ಲಿಯಲ್ಲಿ ತುಂಗಭದ್ರೆಯ ನೀರು ಬಂದ ದಿನ ನಾವು ಕೊಡ, ಡ್ರಮ್ಮು ತುಂಬಿಸಿಕೊಳ್ಳುತ್ತೇವೆ. ಗಾಡಿಯ ಪಾಲಿಗೆ ಬೋರಿನ ನೀರೇ ಬರುತ್ತದೆ. ಸೀ ನೀರನ್ನು ಕಾರಿಗೆ ಹಾಕುವುದು ದಂಡ ಎಂದು ಅವ್ವನೂ ಮೊದಲು ಅಂದಿದ್ದರು. ಆದರೆ ಡಬ್ಬಿ ಹಿಡಿಯುವುದು ಕೆಲವೇ ಲೀಟರು, ಅದು ಎಷ್ಟೋ ದಿನ ಬರುತ್ತದೆ. ಊರೂರಿನಲ್ಲಿ ನಾಣ್ಯ ಹಾಕಿದರೆ ಕ್ಯಾನು ತುಂಬುವ ಶುದ್ಧ ನೀರಿನ ಘಟಕಗಳಿವೆ, ಆ ನೀರು ಈ ಕೆಲಸಕ್ಕೆ ಒಳ್ಳೆಯದು. ಮನೆಯಲ್ಲಿ ಎಸಿ ಇದ್ದರೆ ಅದರ ಪೈಪಿನಿಂದ ತೊಟ್ಟಿಕ್ಕುವ ನೀರನ್ನು ಬಟ್ಟೆಯಲ್ಲಿ ಸೋಸಿ ಹಾಕಬಹುದು. ಅದು ಗಾಳಿಯ ಆವಿ ತಣಿದು ಆದ ನೀರು, ಅದರಲ್ಲಿ ಸುಣ್ಣವಿಲ್ಲ. ಆದರೆ ಮನೆಯ ಫಿಲ್ಟರು ಹೊರಗೆ ಬಿಡುವ ನೀರನ್ನು ಮಾತ್ರ ಹಾಕಬೇಡಿ. ಫಿಲ್ಟರು ಬೇರ್ಪಡಿಸಿದ ಲವಣವೆಲ್ಲ ಅದರಲ್ಲೇ ಇರುತ್ತದೆ, ಅದು ಬೋರಿನ ನೀರಿಗಿಂತ ಕೆಟ್ಟದ್ದು. ಬಟ್ಟೆಯ ಸೋಪೂ ಬೇಡ. ಸವಳು ನೀರಿಗೆ ಸೋಪು ಸೇರಿದರೆ ಒಡೆದ ಹಾಲಿನಂತೆ ಜಿಗುಟಾಗಿ ಪೈಪಿನೊಳಗೇ ಕೂರುತ್ತದೆ. ಗಾಜು ತೊಳೆಯಲೆಂದೇ ಸಿಗುವ ದ್ರಾವಣವಿದೆ. ಬಾಟಲಿಯ ಮೇಲೆ ಬರೆದ ಅಳತೆಯಲ್ಲಿ ಬೆರೆಸಿ.

ನೀರಿಲ್ಲದೆ ವೈಪರು ಆಡಿಸಿದರೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ಸಂಡೂರಿನ ಬೆಟ್ಟಗಳ ಅದಿರು ಕಲ್ಲಾಗಿದ್ದಾಗ ಕಪ್ಪಗೆ, ಉಕ್ಕಿನ ಬಣ್ಣದಲ್ಲಿ ಕಾಣುತ್ತದೆ. ಪುಡಿಯಾದರೆ ಕುಂಕುಮದ ಹಾಗೆ ಕೆಂಪು. ಹೆಮಟೈಟ್ ಎಂಬ ಆ ಖನಿಜ ಹೆಚ್ಚುಕಡಿಮೆ ಗಾಜಿನಷ್ಟೇ ಗಟ್ಟಿ. ರಸ್ತೆಯ ಮರಳಿನ ಕಣ ಗಾಜಿಗಿಂತಲೂ ಗಟ್ಟಿ. ಒಣ ಗಾಜಿನ ಮೇಲೆ ಇವೆರಡನ್ನೂ ರಬ್ಬರಿನಿಂದ ಉಜ್ಜಿದರೆ ಕಮಾನಿನಂಥ ಗೀರು ಬೀಳುತ್ತದೆ. ಹಗಲು ಅದು ಕಾಣುವುದಿಲ್ಲ. ರಾತ್ರಿ ಎದುರಿನ ಗಾಡಿಯ ದೀಪ ಬಿದ್ದಾಗ ಪ್ರತಿ ಗೀರೂ ಹೊಳೆದು ಕಣ್ಣು ಕೋರೈಸುತ್ತದೆ. ಆ ಗೀರು ಮತ್ತೆ ಹೋಗುವುದಿಲ್ಲ.

ಕೊನೆಯ ಕೆಲಸ, ಗುರಿ ನೋಡುವುದು. ಎಳೆಯಾಗಿ ಚಿಮ್ಮುವ ಗೊಳವೆಯಲ್ಲಿ ತೂತು ಒಂದು ಸಣ್ಣ ಗುಂಡಿನಲ್ಲಿರುತ್ತದೆ. ಗುಂಡುಸೂಜಿಯ ತುದಿಯಿಟ್ಟು ಅದನ್ನು ಕೂದಲೆಳೆಯಷ್ಟು ತಿರುಗಿಸಬಹುದು. ನಿಂತ ಗಾಡಿಯಲ್ಲಿ ನೀರು ಗಾಜಿನ ನಡುವಿಗಿಂತ ತುಸು ಮೇಲೆ ಬೀಳಬೇಕು, ಏಕೆಂದರೆ ಓಡುವಾಗ ಎದುರುಗಾಳಿ ಅದನ್ನು ಕೆಳಕ್ಕೆ ತಳ್ಳುತ್ತದೆ.

ನಾನು ಅವತ್ತು ಸಂಜೆ ಗುರಿ ಸರಿಮಾಡಿ ಕಡ್ಡಿ ಎಳೆದಾಗ ಕಾಕಾ ಗಾಜಿನ ಮುಂದೆಯೇ ನಿಂತಿದ್ದರು. ಎರಡು ಎಳೆ ನೀರು ನೆಟ್ಟಗೆ ಎದ್ದು ಗಾಜಿಗೆ ಬಿತ್ತು, ವೈಪರು ಒಂದೇ ಸಲಕ್ಕೆ ಒರೆಸಿತು. ಒಳಗೆ ಕೂತ ನನಗೆ ಅವರ ಮುಖ ಸ್ವಚ್ಛವಾಗಿ ಕಂಡಿತು.

ನಮಸ್ಕಾರ.