ಧರ್ಮಗುರುಗಳ ವರ್ಗಾವಣೆ: ಇಗರ್ಜಿಯ ಕೀಲಿಕೈ ಕೈಬದಲಾಗುವ ಮೊದಲು

[ದೃಶ್ಯ: ಗುರುಮನೆಯ ಜಗಲಿ. ಹಗ್ಗ ಬಿಗಿದ ಪುಸ್ತಕದ ಪೆಟ್ಟಿಗೆಗಳು, ಒಂದು ಹಳೆಯ ಟ್ರಂಕು.]

ನಮಸ್ಕಾರ. ಮೇ ತಿಂಗಳು ಮುಗಿಯುತ್ತ ಬಂದಂತೆ ದಕ್ಷಿಣ ಕನ್ನಡದ ಕಥೋಲಿಕ ಇಗರ್ಜಿಗಳ, ಅಂದರೆ ಚರ್ಚುಗಳ, ಆವರಣದಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ ಇರುತ್ತದೆ: ನಮ್ಮ ಫಾದರ್ ಎಲ್ಲಿಗೆ, ಬರುವವರು ಯಾರು? ವರ್ಗಾವಣೆಗೆ ಈ ಕಾಲವೇ ಒದಗಿಬರುವುದಕ್ಕೆ ಕಾರಣವಿದೆ. ಇಲ್ಲಿ ಇಗರ್ಜಿಯ ಮಗ್ಗುಲಲ್ಲೇ ಶಾಲೆ ಇರುವುದು ಸಾಮಾನ್ಯ; ಧರ್ಮಕೇಂದ್ರದ (ಒಂದು ಇಗರ್ಜಿಯ ವ್ಯಾಪ್ತಿಗೆ ಸೇರಿದ ಪ್ರದೇಶದ) ಮುಖ್ಯ ಗುರುಗಳೇ ಬಹಳಷ್ಟು ಕಡೆ ಅದರ ಸಂಚಾಲಕರೂ ಆಗಿರುವುದರಿಂದ, ಜೂನ್‌ನಲ್ಲಿ ತರಗತಿಗಳು ಕಳೆಕಟ್ಟುವ ಹೊತ್ತಿಗೆ ಹೊಸಬರು ಕುರ್ಚಿಯಲ್ಲಿ ಕುಳಿತಿರಬೇಕಾಗುತ್ತದೆ. ಮಳೆ ಹಿಡಿಯುವ ಮೊದಲು ಪುಸ್ತಕಗಳನ್ನು ಸಾಗಿಸಿಬಿಡಬಹುದು ಎಂಬ ಲಾಭವೂ ಇಲ್ಲದಿಲ್ಲ.

ಸರ್ಕಾರಿ ನೌಕರರ ವರ್ಗಾವಣೆಯನ್ನು ಕಂಡು ಬಲ್ಲ ನಮಗೆ ಇದೂ ಅಂಥದ್ದೇ ಅನ್ನಿಸುವುದು ಸಹಜ. ಆದರೆ ಧರ್ಮಸಭೆಗೆ ಬಹುಕಾಲ ವರ್ಗಾವಣೆಯೇ ಅನುಮಾನದ ಸಂಗತಿಯಾಗಿತ್ತು. ಕ್ರಿ.ಶ. 325ರಲ್ಲಿ ನೈಸೀಯ ಪಟ್ಟಣದಲ್ಲಿ ಸೇರಿದ ಬಿಷಪರ ಮಹಾಸಭೆ ತನ್ನ ಹದಿನೈದನೆಯ ನಿಯಮದಲ್ಲಿ ಬಿಷಪರಾಗಲಿ ಗುರುಗಳಾಗಲಿ ಒಂದು ಪಟ್ಟಣವನ್ನು ಬಿಟ್ಟು ಇನ್ನೊಂದಕ್ಕೆ ಹೋಗಕೂಡದೆಂದು ಕಟ್ಟುನಿಟ್ಟಾಗಿ ಹೇಳಿತ್ತು. ಅಷ್ಟೇಕೆ, ಧರ್ಮಕೇಂದ್ರದ ಗುರುಗಳಿಗೆಲ್ಲ ಪಾಲಕ ಸಂತರೆನಿಸಿದ ಜಾನ್ ಮೇರಿ ವಿಯಾನ್ನಿಯವರು 1818ರಲ್ಲಿ ಫ್ರಾನ್ಸಿನ ಆರ್ಸ್ ಎಂಬ ಹಳ್ಳಿಗೆ ಬಂದವರು 1859ರಲ್ಲಿ ಕಣ್ಮುಚ್ಚುವವರೆಗೂ ಅಲ್ಲೇ ಉಳಿದರು. ನಡುವೆ ಒಂದಕ್ಕಿಂತ ಹೆಚ್ಚು ಸಲ ಊರು ಬಿಟ್ಟು ಓಡಿಹೋಗಲು ಅವರೇ ಯತ್ನಿಸಿದ್ದರೆಂಬುದು ಬೇರೆ ಮಾತು.

ಧರ್ಮಸಭೆಯ ಕಾನೂನಿನ ಪುಸ್ತಕವಾದ 1917ರ ಧರ್ಮಸಂಹಿತೆಯಲ್ಲೂ ಸುಲಭಕ್ಕೆ ಕದಲಿಸಲಾಗದ ಗುರುಗಳೆಂಬ ಒಂದು ವರ್ಗವಿತ್ತು. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಆ ಭೇದವನ್ನು ತೆಗೆದುಹಾಕಲು ಹೇಳಿತು. ಈಗ ನಡೆಯುತ್ತಿರುವುದು 1983ರ ಸಂಹಿತೆ. ಅದರ 522ನೇ ನಿಯಮ ಗುರುಗಳಿಗೆ ಸ್ಥಿರತೆ ಇರಬೇಕೆಂದೇ ಆರಂಭವಾಗಿ, ದೇಶದ ಬಿಷಪರ ಸಮ್ಮೇಳನ ಒಪ್ಪಿದ್ದರೆ ಮಾತ್ರ ನಿಗದಿತ ಅವಧಿಗೆ ನೇಮಿಸಬಹುದೆನ್ನುತ್ತದೆ. ಅವಧಿ ಮುಗಿಯುವ ಮೊದಲೇ ಎಬ್ಬಿಸಬೇಕಾದರೆ ಧರ್ಮಾಧ್ಯಕ್ಷರು, ಅಂದರೆ ಬಿಷಪರು, ಆ ಪ್ರಸ್ತಾಪವನ್ನು ಬರವಣಿಗೆಯಲ್ಲಿ ತಿಳಿಸಿ, ‘ದೇವರ ಮೇಲಿನ ಮತ್ತು ಆತ್ಮಗಳ ಮೇಲಿನ ಪ್ರೀತಿಗಾಗಿ’ ಒಪ್ಪಿಕೊಳ್ಳುವಂತೆ ಅವರ ಮನವೊಲಿಸಬೇಕು. ಕಾನೂನಿನ ಪುಸ್ತಕವೊಂದು ಇಷ್ಟು ಮೃದುವಾಗಿ ಮಾತಾಡುವುದು ಅಪರೂಪ. ಒಪ್ಪದವರು ತಮ್ಮ ಕಾರಣಗಳನ್ನು ಬರೆದುಕೊಡಬಹುದು. ಆಗ ಧರ್ಮಾಧ್ಯಕ್ಷರು ಇನ್ನಿಬ್ಬರು ಗುರುಗಳೊಂದಿಗೆ ಅವನ್ನು ಪರಿಶೀಲಿಸಬೇಕು. ಸಹಾಯಕ ಗುರುಗಳಿಗೆ ಈ ಸುತ್ತುಬಳಸು ಇಲ್ಲ. ನ್ಯಾಯವಾದ ಕಾರಣವಿದ್ದರೆ ಸಾಕು, ಅವರು ಹೊರಡಬೇಕಾಗುತ್ತದೆ.

[ದೃಶ್ಯ: ಮೇಜಿನ ಮೇಲೆ ಕೀಲಿಕೈಗಳ ಗೊಂಚಲು.]

ಆದೇಶ ಬಂದ ಮೇಲಿನ ಕೆಲಸವೇ ಹೆಚ್ಚು. ಗೊಂಚಲಿನಲ್ಲಿರುವ ಕೀಲಿಕೈಗಳಲ್ಲಿ ನಾಲ್ಕಕ್ಕಾದರೂ ಬೀಗ ಯಾವುದೆಂದು ಯಾರಿಗೂ ಗೊತ್ತಿರುವುದಿಲ್ಲ. ಒಂದಕ್ಕೆ ಮಾತ್ರ ಪ್ರತ್ಯೇಕ ಜಾಗ: ಅದು ಪರಮಪ್ರಸಾದವನ್ನು, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯನ್ನು, ಇಡುವ ಪೆಟ್ಟಿಗೆಯದು, ಅದನ್ನು ಅತ್ಯಂತ ಜಾಗರೂಕತೆಯಿಂದ ಕಾಯಬೇಕೆಂದು ನಿಯಮವೇ ಇದೆ. ಸ್ಥಿರಾಸ್ತಿಯಿಂದ ಹಿಡಿದು ಬೆಲೆಬಾಳುವ ಪಾತ್ರೆ ಪೂಜಾವಸ್ತ್ರಗಳವರೆಗೆ ಎಲ್ಲವನ್ನೂ ಪಟ್ಟಿ ಮಾಡಿ ಸಹಿ ಹಾಕಿ, ಒಂದು ಪ್ರತಿಯನ್ನು ಧರ್ಮಾಧ್ಯಕ್ಷರ ಆಡಳಿತಕ್ಕೆ ಸೇರಿದ ಧರ್ಮಪ್ರಾಂತ್ಯದ ಕಚೇರಿಯಲ್ಲಿಡಬೇಕು. ಬ್ಯಾಂಕಿನಲ್ಲಿ ಸಹಿ ಬದಲಾಯಿಸುವುದು, ಠೇವಣಿಗಳ ರಸೀದಿ ತಾಳೆನೋಡುವುದು ಇವೆಲ್ಲ ಯಾವ ಸಂಸ್ಥೆಯಲ್ಲೂ ನಡೆಯುವಂಥವೇ. ಇಗರ್ಜಿಗೇ ವಿಶಿಷ್ಟವಾದುದು ಅದರ ದಾಖಲೆ ಪುಸ್ತಕಗಳು.

ಮಗುವನ್ನು ಧರ್ಮಸಭೆಗೆ ಸೇರಿಸಿಕೊಳ್ಳುವ ಸಂಸ್ಕಾರವಾದ ಜ್ಞಾನಸ್ನಾನದ ಪುಸ್ತಕವನ್ನು ತೆರೆದು ನೋಡಿ. ಉದ್ದನೆಯ ಗೆರೆ ಹಾಕಿದ ಪುಟದಲ್ಲಿ ಮಗುವಿನ ಹೆಸರು, ತಂದೆತಾಯಿ, ಜ್ಞಾನಪೋಷಕರು, ತಾರೀಖು; ಹಳೆಯ ನಮೂದುಗಳು ಲ್ಯಾಟಿನ್‌ನಲ್ಲಿರುವುದೂ ಉಂಟು. ಪುಟದ ಅಂಚಿನಲ್ಲಿ ಒಂದಿಷ್ಟು ಖಾಲಿ ಜಾಗ ಬಿಟ್ಟಿರುತ್ತಾರೆ. ಕಣ್ಣಿಡಬೇಕಾದದ್ದು ಅಲ್ಲಿಗೆ. ಆ ಮಗು ಬೆಳೆದು ದೃಢೀಕರಣದ ಸಂಸ್ಕಾರ ಪಡೆದರೆ, ಮದುವೆಯಾದರೆ, ಗುರುದೀಕ್ಷೆ ಪಡೆದರೆ, ಮಠ ಸೇರಿ ಶಾಶ್ವತ ವ್ರತ ತೊಟ್ಟರೆ ಅದೆಲ್ಲ ಜಗತ್ತಿನ ಯಾವ ಮೂಲೆಯಲ್ಲಿ ನಡೆದರೂ ಸುದ್ದಿ ಈ ಪುಟದ ಅಂಚಿಗೆ ಮರಳಿ ಬರಬೇಕು. ಬಂಟ್ವಾಳದ ಕಡೆಯ ಹುಡುಗಿಯೊಬ್ಬಳ ಮದುವೆ ಮುಂಬಯಿಯಲ್ಲೋ ಕುವೈತಿನಲ್ಲೋ ನಡೆಯಿತೆನ್ನಿ. ಅಲ್ಲಿಯ ಗುರುಗಳು ಅದನ್ನು ಇಲ್ಲಿಗೆ ಬರೆದು ತಿಳಿಸಬೇಕು, ಇಲ್ಲಿಯವರು ಆ ಅಂಚಿನಲ್ಲಿ ಬರೆದುಕೊಳ್ಳಬೇಕು. ಹಾಗೆ ಬಂದ ನಾಲ್ಕು ಪತ್ರಗಳು ಮೇಜಿನ ಖಾನೆಯಲ್ಲೇ ಉಳಿದುಬಿಟ್ಟರೆ ಆ ನಾಲ್ವರು ಕಾಗದದ ಮೇಲೆ ಅವಿವಾಹಿತರಾಗಿಯೇ ಉಳಿಯುತ್ತಾರೆ. ಹೊರಡುವ ಗುರುಗಳು ಕೊನೆಯ ವಾರ ರಾತ್ರಿ ಹೊತ್ತು ಕುಳಿತು ಖಾನೆ ಖಾಲಿ ಮಾಡುವುದಿದ್ದರೆ, ಈ ಕಾಗದಗಳ ಕೆಲಸವನ್ನೇ ಮೊದಲು ಮುಗಿಸಬೇಕೆಂದು ನನ್ನ ಅಭಿಪ್ರಾಯ. ಬೀಳ್ಕೊಡುಗೆಯ ಭಾಷಣವನ್ನು ನಿಂತಲ್ಲಿಯೇ ಮಾಡಬಹುದು.

ಪೂಜೆಗಳ ಲೆಕ್ಕಕ್ಕೆ ಇನ್ನೊಂದು ಪುಸ್ತಕ. ತೀರಿಕೊಂಡ ಅಪ್ಪನಿಗಾಗಿ, ಮಗನ ಪರೀಕ್ಷೆಗಾಗಿ ಎಂದು ಜನ ಕಾಣಿಕೆ ಕೊಟ್ಟು ಪೂಜೆ ಬರೆಸುತ್ತಾರೆ. ಎಷ್ಟು ಪೂಜೆ, ಯಾವ ಉದ್ದೇಶಕ್ಕೆ, ಕಾಣಿಕೆ ಎಷ್ಟು, ಸಲ್ಲಿಸಿದ್ದಾಯಿತೇ ಎಂಬುದನ್ನು ಬರೆದಿಡುವುದು ಕಡ್ಡಾಯ. ಉಳಿದುಹೋದ ಪೂಜೆ ಸಾಲವಿದ್ದಂತೆ. ಹೊರಡುವವರು ಅದನ್ನು ಸಲ್ಲಿಸಿಯೇ ಹೋಗಬೇಕು, ಇಲ್ಲವೇ ಕಾಣಿಕೆಯ ಸಮೇತ ಮತ್ತೊಬ್ಬ ಗುರುಗಳಿಗೆ ಒಪ್ಪಿಸಬೇಕು.

[ದೃಶ್ಯ: ಇಗರ್ಜಿಯ ಒಳಭಾಗ. ಬೆಂಚುಗಳು ತುಂಬಿವೆ.]

ಅಧಿಕಾರ ಸ್ವೀಕಾರದ ದಿನ ಧರ್ಮಾಧ್ಯಕ್ಷರ ಪ್ರತಿನಿಧಿಯಾಗಿ, ಹಲವು ಧರ್ಮಕೇಂದ್ರಗಳು ಸೇರಿದ ವಲಯದ ಪ್ರಧಾನ ಗುರುಗಳು ಬರುವುದುಂಟು. ಈ ವಲಯವನ್ನು ಕರಾವಳಿಯ ಕೊಂಕಣಿಯಲ್ಲಿ ವಾರಾಡೊ ಎನ್ನುತ್ತಾರೆ. ನೇಮಕದ ಪತ್ರವನ್ನು ಓದುತ್ತಾರೆ, ಹೊಸ ಗುರುಗಳು ವಿಶ್ವಾಸ ಪ್ರಮಾಣ ಮಾಡುತ್ತಾರೆ. ಹೂಮಾಲೆ, ಬ್ಯಾಂಡು ಇರಲಿ ಬಿಡಲಿ, ಕಾನೂನಿನ ದೃಷ್ಟಿಯಲ್ಲಿ ಈ ಗಳಿಗೆಗೆ ತೂಕವಿದೆ. ಹೊಸ ಕಡೆ ಅಧಿಕಾರ ಸ್ವೀಕರಿಸಿದಾಗಲೇ ಅವರ ಹಳೆಯ ಹುದ್ದೆ ತೆರವಾಗುತ್ತದೆ. ಅಲ್ಲಿಯವರೆಗೆ ವೇತನವೂ ಹಳೆಯದರದ್ದೇ. ಮದುವೆಗಳ ವಿಷಯದಲ್ಲಿ ಇದು ನೇರವಾಗಿ ತಟ್ಟುತ್ತದೆ. ಧರ್ಮಕೇಂದ್ರದ ಎಲ್ಲೆಯೊಳಗೆ ಮದುವೆ ನಡೆಸಿಕೊಡುವ ಅಧಿಕಾರ ಗುರುಗಳಿಗೆ ಬರುವುದು ಹುದ್ದೆಯಿಂದಲೇ. ‘ನನ್ನ ಮಗಳ ಮದುವೆಯನ್ನು ನೀವೇ ಬಂದು ಮಾಡಿಸಬೇಕು, ಫಾದರ್’ ಎಂದು ಹಳೆಯ ಗುರುಗಳನ್ನು ಜೂನ್‌ನಲ್ಲಿ ಕರೆಸಿದರೆ, ಅವರು ಈಗಿನ ಗುರುಗಳಿಂದಲೋ ಧರ್ಮಾಧ್ಯಕ್ಷರಿಂದಲೋ ಅಧಿಕಾರ ಪಡೆದೇ ಪೀಠದ ಮುಂದೆ ನಿಲ್ಲಬೇಕು. ಆರು ವರ್ಷ ಅದೇ ಪೀಠದಲ್ಲಿ ಪೂಜೆ ಮಾಡಿದ್ದರೂ ಅಷ್ಟೇ.

ಇಷ್ಟೆಲ್ಲ ಒಪ್ಪಿಸಿಕೊಟ್ಟವರ ಬಳಿ ಒಪ್ಪಿಸಲಾಗದ ಒಂದು ಗಂಟು ಉಳಿದಿರುತ್ತದೆ. ಪಾಪನಿವೇದನೆಯಲ್ಲಿ ಕೇಳಿದ್ದು ಯಾವ ಕಾರಣಕ್ಕೂ ಬಾಯಿಂದ ಹೊರಬರುವಂತಿಲ್ಲ, ಆಡಳಿತದಲ್ಲೂ ಅದನ್ನು ಬಳಸುವಂತಿಲ್ಲ. ಯಾವ ಮನೆಯಲ್ಲಿ ಯಾರ ಮಾತು ಮುರಿದಿದೆ, ಯಾರು ಯಾರನ್ನು ಕ್ಷಮಿಸಿಲ್ಲ ಎಂಬುದು ಅಲ್ಲೇ ತಿಳಿದದ್ದಾದರೆ, ಬರುವವರಿಗೆ ಸುಳಿವೂ ಸಿಗದು. ಅವರು ಸೊನ್ನೆಯಿಂದಲೇ ಶುರುಮಾಡಬೇಕು. ವಾರ್ಡಿನ ಮುಂದಾಳುಗಳಾದ ಗುರ್ಕಾರರು ಜೊತೆಗೆ ಬಂದು ಮನೆ ತೋರಿಸಿಯಾರು, ಅಷ್ಟೇ.

[ದೃಶ್ಯ: ಕೈಬರಹದ ಒಂದು ಹಾಳೆ.]

ಕೊಡಬಹುದಾದ ಇನ್ನೊಂದು ಕಾಗದ ಉಂಟು. ಅದನ್ನು ಯಾವ ನಿಯಮವೂ ಕೇಳುವುದಿಲ್ಲ. ತಿಂಗಳ ಮೊದಲ ಶುಕ್ರವಾರ ಹಾಸಿಗೆ ಹಿಡಿದವರ ಮನೆಗಳಿಗೆ ಪರಮಪ್ರಸಾದ ಕೊಂಡೊಯ್ಯುವ ರೂಢಿಯಿದೆ. ಆ ಮನೆಗಳ ಪಟ್ಟಿಯನ್ನು ಪಾಲನಾ ಮಂಡಳಿಯ ಕಾರ್ಯದರ್ಶಿಯೂ ಕೊಟ್ಟಾರು. ಆದರೆ ಆರು ವರ್ಷ ಆ ಮೆಟ್ಟಿಲು ಹತ್ತಿದವರ ಕೈಬರಹದಲ್ಲಿ ಪಕ್ಕದಲ್ಲೊಂದು ಟಿಪ್ಪಣಿ ಇರುತ್ತದೆ: ‘ಎಡಗಿವಿ ಕೇಳಿಸದು’, ‘ನಾಯಿ ಇದೆ, ಹಿತ್ತಲಿನಿಂದ ಹೋಗಿ’, ‘ಅಜ್ಜಿಗೆ ನುಂಗಲಾಗದು, ಚೂರೇ ಚೂರು ಪ್ರಸಾದ, ಚಮಚದಲ್ಲಿ ನೀರು’.