ಮುಕ್ತ ತಂತ್ರಾಂಶವೂ ಆರ್ಥಿಕ ವಾದಗಳೂ

ಕೇಳುಗರೆಲ್ಲರಿಗೂ ನಮಸ್ಕಾರ. ಯಾವ ತಂತ್ರಾಂಶದ ಮೂಲ ಸಂಕೇತವನ್ನು, ಅಂದರೆ ಅದನ್ನು ಬರೆದಿರುವ ಆದೇಶಗಳ ಪಠ್ಯವನ್ನು, ಯಾರು ಬೇಕಾದರೂ ಓದಬಹುದೋ, ತಿದ್ದಬಹುದೋ, ಹಂಚಬಹುದೋ ಅದು ಮುಕ್ತ ತಂತ್ರಾಂಶ. ಆಂಡ್ರಾಯ್ಡ್ ಫೋನುಗಳ ಒಡಲಲ್ಲಿದ್ದು ಯಂತ್ರವನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಅಂಥದ್ದು. ಮುಕ್ತ ತಂತ್ರಾಂಶದ ಮಾತೆತ್ತಿದ ಕೂಡಲೇ ಇದು ಸಮತಾವಾದವೋ ಬಂಡವಾಳಶಾಹಿಯೋ ಎಂಬ ಪ್ರಶ್ನೆ ಬರುತ್ತದೆ. ಈ ಪ್ರಶ್ನೆಯನ್ನು ಕೇಳಿ ಕೇಳಿ ನನಗೆ, ಹೇಳಬಾರದು, ಸ್ವಲ್ಪ ಬೇಸರವೇ ಬಂದಿದೆ. ಬಾವುಟದ ಬಣ್ಣವನ್ನು ಬಿಟ್ಟು, ಬಳಕೆಯ ಷರತ್ತುಗಳನ್ನು ಹೇಳುವ ಪರವಾನಗಿಯನ್ನು ಓದಿ ಎಂಬುದಷ್ಟೇ ನನ್ನ ಉತ್ತರ.

ಇದಕ್ಕೆ ನನಗೆ ಬಹಳ ಪ್ರಿಯವಾದ ಪ್ರಸಂಗವೊಂದಿದೆ. 1980ರ ಆಸುಪಾಸು, ಅಮೆರಿಕದ ಎಂಐಟಿ ಸಂಸ್ಥೆಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯ. ಅಲ್ಲಿದ್ದ ಹಳೆಯ ಮುದ್ರಣಯಂತ್ರದಲ್ಲಿ ಆಗಾಗ ಕಾಗದ ಸಿಕ್ಕಿಕೊಳ್ಳುತ್ತಿತ್ತು. ರಿಚರ್ಡ್ ಸ್ಟಾಲ್‌ಮನ್ ಎಂಬ ಯುವಕ ಅದರ ತಂತ್ರಾಂಶವನ್ನು ತಾನೇ ತಿದ್ದಿ, ಕಾಗದ ಸಿಕ್ಕಿಕೊಂಡಾಗಲೆಲ್ಲ ಮುದ್ರಣಕ್ಕಾಗಿ ಕಾಯುತ್ತಿರುವವರಿಗೆ ಸಂದೇಶ ಹೋಗುವಂತೆ ಮಾಡಿದ್ದ. ಸಂದೇಶ ಕಂಡವರಲ್ಲಿ ಯಾರಾದರೊಬ್ಬರು ಎದ್ದು ಹೋಗಿ ಕಾಗದ ಬಿಡಿಸುತ್ತಿದ್ದರು. ಮುಂದೆ ಜೆರಾಕ್ಸ್ ಕಂಪನಿಯ ಹೊಸ ಲೇಸರ್ ಮುದ್ರಣಯಂತ್ರ ಬಂತು. ಅದರಲ್ಲೂ ಕಾಗದ ಸಿಕ್ಕಿಕೊಳ್ಳುತ್ತಿತ್ತು, ಆದರೆ ಮೂಲ ಸಂಕೇತ ಮಾತ್ರ ಅದರೊಂದಿಗೆ ಬಂದಿರಲಿಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಒಬ್ಬರ ಬಳಿ ಅದಿದೆ ಎಂದು ತಿಳಿದು ಸ್ಟಾಲ್‌ಮನ್ ಅಲ್ಲಿಗೆ ಹೋದಾಗ ಅವರನ್ನೂ ಕಂಡ, ಕೇಳಿದ. ಯಾರಿಗೂ ಕೊಡುವುದಿಲ್ಲವೆಂದು ಕಂಪನಿಗೆ ಮಾತು ಕೊಟ್ಟಿರುವೆ ಎಂದು ಅವರು ನಿರಾಕರಿಸಿದರು. ಆತ ಸಿಟ್ಟಿನಿಂದ ಮಾತಿಲ್ಲದೆ ಹೊರನಡೆದ.

ಆ ಸಿಟ್ಟು ಆರಲಿಲ್ಲ. 1983ರಲ್ಲಿ ಆತ, ಕಂಪ್ಯೂಟರನ್ನು ನಡೆಸುವ ಇಡೀ ವ್ಯವಸ್ಥೆಯನ್ನು ಮುಕ್ತ ತಂತ್ರಾಂಶವಾಗಿ ಕಟ್ಟುವ ಗ್ನೂ ಯೋಜನೆಯನ್ನು ಘೋಷಿಸಿದ. 1989ರಲ್ಲಿ ಜಿಪಿಎಲ್ ಎಂಬ ಪರವಾನಗಿಯನ್ನು ಹೊರತಂದ. ದಯವಿಟ್ಟು ಇಲ್ಲಿ ಗಮನವಿಟ್ಟು ಕೇಳಿ. ಈ ಪರವಾನಗಿ ನಿಂತಿರುವುದು ಕೃತಿಸ್ವಾಮ್ಯದ ಮೇಲೆ, ಅಂದರೆ ಅಪ್ಪಟ ಖಾಸಗಿ ಹಕ್ಕಿನ ಮೇಲೆ. ಬರೆದವನು ತನ್ನ ಹಕ್ಕನ್ನು ಬಿಟ್ಟುಕೊಡುವುದಿಲ್ಲ. ನೀನು ಇದನ್ನು ತಿದ್ದಿ ಇತರರಿಗೆ ಹಂಚುವುದಾದರೆ ತಿದ್ದಿದ ಸಂಕೇತವನ್ನೂ ಇದೇ ಷರತ್ತಿನಲ್ಲಿ ಅವರಿಗೆ ಕೊಡತಕ್ಕದ್ದು ಎಂದು ಆ ಹಕ್ಕಿನ ಬಲದಿಂದಲೇ ಕಟ್ಟುಪಾಡು ಹಾಕುತ್ತಾನೆ. ಒಡೆತನವನ್ನು ಅಳಿಸುವುದು ಸಮತಾವಾದವಾದರೆ ಇದು ಸಮತಾವಾದವಲ್ಲ. ಒಡೆತನದಿಂದ ಇತರರನ್ನು ಹೊರಗಿಡುವುದು ಬಂಡವಾಳಶಾಹಿಯಾದರೆ ಇದು ಅದೂ ಅಲ್ಲ. ಹಾಗಾಗಿಯೇ ಪರವಾನಗಿಯನ್ನು ಓದಿ ಎನ್ನುತ್ತೇನೆ. ಬಿಎಸ್‌ಡಿ ಎಂಬ ಇನ್ನೊಂದು ಮುಕ್ತ ಪರವಾನಗಿಯಲ್ಲಿ ಈ ಕಟ್ಟುಪಾಡಿಲ್ಲ. ಅದರಡಿಯ ಸಂಕೇತವನ್ನು, ಮೂಲ ಸಂಕೇತ ತೋರಿಸದ ಉತ್ಪನ್ನದೊಳಗೆ ಸೇರಿಸಿ ಮಾರಲು ಯಾವ ಕಂಪನಿಗೂ ಅಡ್ಡಿಯಿಲ್ಲ.

ಇದನ್ನು ಒಂದು ವಾದಕ್ಕೆ ಕಟ್ಟಿಹಾಕಲು ಹೊರಟವರಿಗೆ ಇತಿಹಾಸವೂ ಒದಗಿಬರುವುದಿಲ್ಲ. 1998ರಲ್ಲಿ ಮುಕ್ತ ತಂತ್ರಾಂಶಕ್ಕೆ ಓಪನ್ ಸೋರ್ಸ್ ಎಂಬ ಹೆಸರನ್ನು ಉದ್ಯಮಿಗಳ ನಡುವೆ ಸಾರಿದ ಎರಿಕ್ ರೇಮಂಡ್ ಮುಕ್ತ ಮಾರುಕಟ್ಟೆಯ ಕಟ್ಟಾ ಬೆಂಬಲಿಗ. 2001ರಲ್ಲಿ ಲಿನಕ್ಸನ್ನು ಕ್ಯಾನ್ಸರ್ ಎಂದು ಕರೆದವರು ಮೈಕ್ರೋಸಾಫ್ಟಿನ ಅಂದಿನ ಮುಖ್ಯಸ್ಥ ಸ್ಟೀವ್ ಬಾಮರ್. ಅದೇ ಕಂಪನಿ 2018ರಲ್ಲಿ, ಮುಕ್ತ ಸಂಕೇತದ ದೊಡ್ಡ ನೆಲೆಯಾದ ಗಿಟ್‌ಹಬ್ಬನ್ನು 750 ಕೋಟಿ ಡಾಲರ್ ಮೌಲ್ಯಕ್ಕೆ ಕೊಂಡಿತು. ಮರುವರ್ಷ ಐಬಿಎಂ, ಲಿನಕ್ಸ್ ಆಧಾರಿತ ಉತ್ಪನ್ನ ಮತ್ತು ಸೇವೆ ಮಾರುವ ರೆಡ್ ಹ್ಯಾಟ್ ಕಂಪನಿಯನ್ನು ಸುಮಾರು 3,400 ಕೋಟಿ ಡಾಲರಿಗೆ ಕೊಂಡಿತು.

ಸಾಮುದಾಯಿಕ ಸಂಪತ್ತನ್ನು ಜನರೇ ನಿಯಮ ಮಾಡಿಕೊಂಡು ಕಾಯಬಲ್ಲರೆಂದು ತೋರಿಸಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಅವರ ವಿಚಾರವನ್ನೂ ವಿವರವಾಗಿ ಹೇಳಬೇಕೆಂದಿದ್ದೆ. ಮುದ್ರಣಯಂತ್ರವೇ ಹೊತ್ತನ್ನೆಲ್ಲ ತಿಂದಿತು. ಒಂದನ್ನಾದರೂ ಹೇಳಿಬಿಡುತ್ತೇನೆ. ಪರವಾನಗಿ ಯಾರು ಬಳಸಬಹುದು ಎಂಬುದನ್ನು ಹೇಳುತ್ತದೆ, ಬರೆಯುವವರಿಗೆ ಸಂಬಳ ಯಾರು ಕೊಡಬೇಕು ಎಂಬುದನ್ನು ಹೇಳುವುದಿಲ್ಲ. ಅಂತರ್ಜಾಲದ ಬಹುಪಾಲು ಗೋಪ್ಯ ವ್ಯವಹಾರವನ್ನು ಕಾಯುತ್ತಿದ್ದ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶವನ್ನು ಬೆರಳೆಣಿಕೆಯ ಜನ ನೋಡಿಕೊಳ್ಳುತ್ತಿದ್ದರು. 2014ರಲ್ಲಿ ಅದರಲ್ಲಿ ಹಾರ್ಟ್‌ಬ್ಲೀಡ್ ಎಂಬ ಭಾರೀ ದೋಷ ಬಯಲಾದ ಮೇಲೆಯೇ, ಅದನ್ನು ವರ್ಷಗಟ್ಟಲೆ ಬಿಟ್ಟಿಯಾಗಿ ಬಳಸಿಕೊಂಡಿದ್ದ ದೊಡ್ಡ ಕಂಪನಿಗಳು ಲಿನಕ್ಸ್ ಬೆಳವಣಿಗೆಗೆ ನೆರವಾಗುವ ಲಿನಕ್ಸ್ ಫೌಂಡೇಶನ್ ಎಂಬ ಸಂಸ್ಥೆಯ ಮೂಲಕ ಹಣ ಹೊಂದಿಸಲು ಮುಂದಾದವು. ನಮಸ್ಕಾರ.