ಲೇಕನ್‌ಹೀತ್: ಒಂದು ಊರು, ಎರಡು ಮಣ್ಣು

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಸಫೋಕ್ ಕೌಂಟಿಯ ಲೇಕನ್‌ಹೀತ್ ಅಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಯುದ್ಧವಿಮಾನ. 1941ರಲ್ಲಿ ಬ್ರಿಟಿಷ್ ಬಾಂಬರ್‌ಗಳಿಗೆಂದು ತೆರೆದ ವಾಯುನೆಲೆ ಅದು. 1960ರಿಂದ ಅಮೆರಿಕದ 48ನೇ ಫೈಟರ್ ವಿಂಗ್ ಅಲ್ಲಿದೆ. 2021ರ ಕೊನೆಗೆ ಎಫ್-35ಎ ಯುದ್ಧವಿಮಾನಗಳು ಬಂದಿಳಿದವು. ಊರಿಗೊಂದು ಫುಟ್‌ಬಾಲ್ ಕ್ಲಬ್ಬೂ ಇದೆ, ಈಸ್ಟರ್ನ್ ಕೌಂಟೀಸ್ ಲೀಗಿನಲ್ಲಿ ಆಡುತ್ತದೆ. ಇವತ್ತಿನ ಮಾತು ಮಾತ್ರ ಆ ಊರಿನ ಮಣ್ಣಿನದು.

ಪಶ್ಚಿಮಕ್ಕೆ ಫೆನ್ಸ್ ಎಂಬ ಜೌಗು ತಗ್ಗಿನ ಕಪ್ಪು ಪೀಟ್, ಅಂದರೆ ಅರೆಕೊಳೆತ ಗಿಡಗಳಿಂದಾದ ಮಣ್ಣು; ಪೂರ್ವಕ್ಕೆ ಬ್ರೆಕ್‌ಲ್ಯಾಂಡ್ ಸೀಮೆಯ ಸಡಿಲ ಮರಳು. ನಡುವೆ ಊರು. ಒಂದು ಕಡೆ ನೀರು ನಿಲ್ಲಿಸಬೇಕು, ಇನ್ನೊಂದು ಕಡೆ ನೆಲವನ್ನು ಸಾರವಿಲ್ಲದೆ ಬಡವಾಗಿಯೇ ಇಡಬೇಕು. ಸುಮ್ಮನೆ ಬಿಟ್ಟರೆ ಎರಡೂ ಕೈತಪ್ಪುತ್ತವೆ.

ಮೊದಲು ಲೇಕನ್‌ಹೀತ್ ಫೆನ್. ನೀರು ಬಸಿದು ಕ್ಯಾರೆಟ್ ಬೆಳೆಯುತ್ತಿದ್ದ ಹೊಲಗಳನ್ನು 1995ರಲ್ಲಿ ಬ್ರಿಟನ್ನಿನ ಪಕ್ಷಿ ಸಂರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿ ಕೊಂಡು ಜೊಂಡಿನ ಕೆಸರುನೆಲ ಮಾಡಲು ಹೊರಟಿತು. ಇಂಥ ಕೆಲಸ ನಮ್ಮ ಕೆರೆ ಕಟ್ಟುವವರಿಗೆ ಹೊಸದೇನಲ್ಲ: ಸುತ್ತ ಏರಿ, ನೀರು ಏರಿಸಿ ಇಳಿಸಲು ತೂಬು, ಒಳಗೆ ಆಳದ ಕಾಲುವೆಗಳು. ಎಡವುವುದು ನೆಡುವಾಗ. ಎಳೆಯ ಸಸಿಯ ತುದಿ ನೀರಿನ ಮೇಲೇ ಇರಬೇಕು, ಏಕೆಂದರೆ ಕೆಸರಿನೊಳಗಿನ ಬೇರಿಗೆ ಗಾಳಿ ಹೋಗುವುದು ಕಾಂಡದ ಮೂಲಕ. ಮುಳುಗಿದರೆ ಕೊಳೆತೀತು. ಮುಳುಗದೆ ಉಳಿದದ್ದನ್ನು ಕಾಡುಬಾತುಗಳು ಮೇಯುತ್ತವೆ. ಬೇಲಿ ಬೇಕೇ ಬೇಕು.

ಬೆಳೆದ ಮೇಲೂ ಬಿಡುವಿಲ್ಲ. ಒಣಗಿದ ಜೊಂಡು ಬಿದ್ದು ಬಿದ್ದು ತಳ ಮೇಲೇರುತ್ತದೆ, ಹೂಳು ತುಂಬಿದ ಹಾಗೆ. ತಳ ಒಣಗಿತೋ, ವಿಲ್ಲೋ ಗಿಡ ನುಗ್ಗುತ್ತದೆ. ಅದಕ್ಕೇ ಚಳಿಗಾಲದಲ್ಲಿ ಸರದಿಯ ಮೇಲೆ ಒಂದೊಂದು ಪಟ್ಟಿ ಕೊಯ್ಯುತ್ತಾರೆ. ಕೊಯ್ದದ್ದನ್ನು ಅಲ್ಲೇ ಬಿಟ್ಟರೆ ಕೊಯ್ದೂ ಫಲವಿಲ್ಲ, ಹೊರಗೆ ಸಾಗಿಸಲೇಬೇಕು. ಬಿಟರ್ನ್ ಎಂಬ ಬಕಜಾತಿಯ ಹಕ್ಕಿ ಕಾಲುವೆ ಅಂಚಿನಲ್ಲಿ ಮೀನು ಹಿಡಿಯುತ್ತದೆ. ಗೂಡು ನೀರಿಗಿಂತ ಸ್ವಲ್ಪವೇ ಮೇಲಿರುವುದರಿಂದ ವಸಂತದಲ್ಲಿ ತೂಬು ಮುಚ್ಚಿ ನೀರು ಏರಿಸಿದರೆ ಮೊಟ್ಟೆಗಳೇ ಮುಳುಗುತ್ತವೆ. 2007ರಲ್ಲಿ ಇಲ್ಲಿ ಕ್ರೌಂಚಗಳು ಗೂಡು ಕಟ್ಟಿದವು, ಫೆನ್ಸ್ ಪ್ರದೇಶದಲ್ಲಿ ಸುಮಾರು 400 ವರ್ಷಗಳ ನಂತರ! ಕ್ಯಾರೆಟ್ ಹೊಲ ಹೋಗಿ 12 ವರ್ಷ, ಅಷ್ಟೇ.

ಇನ್ನು ಮರಳಿನ ಕಡೆ, ಮೇಡ್ಸ್‌ಕ್ರಾಸ್ ಹಿಲ್ ಎಂಬ ಗುಡ್ಡ. ಈ ಸೀಮೆಯ ಮರಳು ಎಷ್ಟು ಸಡಿಲವೆಂದರೆ 17ನೇ ಶತಮಾನದಲ್ಲಿ ಲೇಕನ್‌ಹೀತ್ ಕಡೆಯಿಂದ ಹಾರಿದ ಮರಳು ಸ್ಯಾಂಟನ್ ಡೌನ್‌ಹ್ಯಾಮ್ ಊರನ್ನು ಹೂತಿತ್ತು. ಅದೇ ಬಡ ನೆಲದಲ್ಲಿ ದೇಶದಲ್ಲೇ ಅಪರೂಪದ ನಾಲ್ಕು ಗಿಡಗಳಿವೆ: ಬ್ರೆಕ್‌ಲ್ಯಾಂಡ್ ಥೈಮ್, ಸ್ಪ್ಯಾನಿಷ್ ಕ್ಯಾಚ್‌ಫ್ಲೈ, ಗ್ರೇಪ್ ಹಯಸಿಂತ್, ಸಿಕಲ್ ಮೆಡಿಕ್. ಇಂಥ ಗಿಡಗಳ ಬೀಜ ಮೊಳೆಯಲು ಬರಿ ಮಣ್ಣು ಬೇಕು. ಮೊಲಗಳು ಮೇದು ಕೆರೆದು ಆ ಕೆಲಸ ಮಾಡುತ್ತಿದ್ದವು. 1950ರ ದಶಕದಲ್ಲಿ ಮಿಕ್ಸೊಮಟೋಸಿಸ್ ರೋಗ ಬ್ರಿಟನ್ನಿನ ಮೊಲಗಳನ್ನು ಬಲಿ ಪಡೆದ ಮೇಲೆ ಇಂಥ ಬಯಲುಗಳಲ್ಲಿ ಹುಲ್ಲು ದಟ್ಟವಾಯಿತು, ಮುಳ್ಳುಪೊದೆ ಹಬ್ಬಿತು. ಈಗ ಪೊದೆ ಕಡಿದು, ಅಲ್ಲಲ್ಲಿ ಮೇಲ್ಮಣ್ಣು ಕೆರೆದು ತೆಗೆಯಬೇಕು. ನಾಯಿ ಅಡ್ಡಾಡಿಸುವವರು ಹೇಲು ಎತ್ತಿಕೊಂಡು ಹೋಗಬೇಕೆನ್ನುವುದೂ ಬರೀ ಶುಚಿಯ ಮಾತಲ್ಲ. ಗೊಬ್ಬರ ಬಿದ್ದ ಕಡೆ ತುರಿಕೆ ಗಿಡ ಗೆಲ್ಲುತ್ತದೆ. ವಾಯುನೆಲೆಯ ಬೇಲಿಯೊಳಗೂ ಇಂಥ ಹುಲ್ಲುನೆಲವಿದೆ, ಅದಕ್ಕೂ ಕಾನೂನಿನ ರಕ್ಷಣೆಯಿದೆ.

ನೋಡಲು ಹೋಗುವವರು ಏಪ್ರಿಲ್ ಮುಂಜಾವಿನಲ್ಲಿ ಫೆನ್‌ಗೆ ಹೋಗಿ, ಗಂಡು ಬಿಟರ್ನ್ ಹೂಂಕರಿಸುವುದು ಕೇಳೀತು. ಗುಡ್ಡಕ್ಕೆ ಜೂನ್ ಒಳ್ಳೆಯದು. ಕ್ಯಾಚ್‌ಫ್ಲೈ ಹೂವು ತೀರಾ ಚಿಕ್ಕದು, ಹಸಿರು ಬೆರೆತ ಹಳದಿ. ಮಂಡಿಯೂರಿ ಹುಡುಕಿ.